ಕಾಲೇಜು ಬ್ಯಾಂಡಿಗೆ ಸೇರಲಾ? ದಾವಣಗೆರೆ, ಚಿತ್ರದುರ್ಗದವರ ಅನುಭವ

ಕೇಳಿದವರು: ನಾನು ಹರಿಹರದವಳು, ದಾವಣಗೆರೆಯಲ್ಲಿ ಬಿ.ಕಾಂ. ಮೊದಲ ವರ್ಷ ಓದುತ್ತಿದ್ದೇನೆ. ಪರೇಡಿನಲ್ಲಿ ನುಡಿಸುತ್ತಾ ನಡೆಯುವ ಕಾಲೇಜು ಬ್ಯಾಂಡಿಗೆ ಪಿ.ಇ. ಸರ್ ಹೆಸರು ಬರೆದುಕೊಳ್ಳುತ್ತಿದ್ದಾರೆ. ಡ್ರಮ್ ಅಥವಾ ಟ್ರಂಪೆಟ್ ಸಿಗಬಹುದು ಅಂದರು. ನಾನು ಇಲ್ಲಿಯವರೆಗೆ ಯಾವ ವಾದ್ಯವನ್ನೂ ಮುಟ್ಟಿಲ್ಲ, ಆಸೆ ಮಾತ್ರ ತುಂಬಾ ಇದೆ. ಬೆಳಿಗ್ಗೆ ಆರೂವರೆಗೆ ಪ್ರಾಕ್ಟೀಸ್. ಓದು ಹಾಳಾಗುತ್ತದೆ ಅಂತ ಮನೆಯಲ್ಲಿ ಭಯ. ಬ್ಯಾಂಡಿನಲ್ಲಿ ಇದ್ದವರು ಹೇಳಿ, ಸೇರಲಾ?

ಸೈಡ್ ಡ್ರಮ್ ಬಾರಿಸುತ್ತಿದ್ದವರು, ದಾವಣಗೆರೆ: ಸೇರು ತಂಗಿ. ವಾದ್ಯ ಬರುವುದಿಲ್ಲ ಅನ್ನುವುದನ್ನು ತಲೆಯಿಂದ ತೆಗೆದುಹಾಕು. ನಮ್ಮ ಬ್ಯಾಂಡಿನಲ್ಲಿ ಜಾಸ್ತಿ ಜನ ಏನೂ ಬಾರದೆ ಬಂದವರೇ. ಮೊದಲು ಪಳಗಬೇಕಾದದ್ದು ಕಾಲು. ತೇಜ್ ಚಲ್, ಅಂದರೆ ಕವಾಯತಿನ ಚುರುಕು ನಡಿಗೆಯಲ್ಲಿ, ನಿಮಿಷಕ್ಕೆ 120 ಹೆಜ್ಜೆ, ಒಂದೊಂದು ಹೆಜ್ಜೆ 30 ಇಂಚು. ಎಡಗಾಲು ನೆಲಕ್ಕೆ ಬೀಳುವಾಗ ಬೇಸ್ ಡ್ರಮ್ಮಿನ, ಅಂದರೆ ದೊಡ್ಡ ಡ್ರಮ್ಮಿನ, ಗಟ್ಟಿ ಪೆಟ್ಟು ಬೀಳುತ್ತದೆ. ಇದು ಮೈಗೆ ಹತ್ತುವವರೆಗೆ ಕೈಗೆ ಕೋಲು ಕೊಟ್ಟರೂ ಉಪಯೋಗವಿಲ್ಲ. ಫೋನಿನಲ್ಲಿ ಮೆಟ್ರೊನೋಮ್ (ಒಂದೇ ಸಮನೆ ಟಿಕ್ ಟಿಕ್ ಅಂತ ತಾಳ ಕೊಡುವ ಆ್ಯಪ್) ಹಾಕಿಕೊಂಡು, ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ಅದೇ ಲೆಕ್ಕದಲ್ಲಿ ನಡೆದು ನೋಡು.

ಡ್ರಮ್ ಮನೆಗೆ ಕೊಡುವುದಿಲ್ಲ. ಒಂದು ಜೊತೆ ಕೋಲು ತೆಗೆದುಕೊಂಡು ಹಳೆಯ ರಬ್ಬರ್ ಮ್ಯಾಟ್ ಮೇಲೆ ಬಾರಿಸು. ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಎರಡು ಕೈಯ ಸದ್ದಿನಲ್ಲಿ ವ್ಯತ್ಯಾಸ ಗೊತ್ತಾಗಬಾರದು, ಅಲ್ಲಿಯವರೆಗೆ ನಿಧಾನವಾಗಿಯೇ ಬಾರಿಸು. ಅವಸರ ಮಾಡಿದವರ ಎಡಗೈ ಕೊನೆಯವರೆಗೂ ಸೊರಗಿಯೇ ಇರುತ್ತದೆ. ಕಿವಿಗೆ ಇಯರ್ ಪ್ಲಗ್ ಹಾಕಿಕೋ. ಸೈಡ್ ಡ್ರಮ್ ಪಕ್ಕದಲ್ಲಿ ದಿನಾ ನಿಲ್ಲುವವರಿಗೆ ಅದು ಬೇಕೇ ಬೇಕು.

ಇನ್ನೊಂದು ವಿಷಯ ಮೈದಾನಕ್ಕೆ ಹೋದ ಮೇಲೆಯೇ ತಿಳಿಯುತ್ತದೆ, ನಿನಗೆ ಈಗಲೇ ಹೇಳುತ್ತೇನೆ. ಕಾಲೇಜು ಅಂಗಳದಲ್ಲಿ ಕೂಡಿಬಂದ ತಾಳ ಜಿಲ್ಲಾ ಕ್ರೀಡಾಂಗಣಕ್ಕೆ ಹೋದ ತಕ್ಷಣ ಚದುರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 85 ಮೀಟರ್ ದೂರದಲ್ಲಿ ಇದ್ದವರಿಗೆ ಪೆಟ್ಟು ಕಾಲು ಸೆಕೆಂಡ್ ತಡವಾಗಿ ಕೇಳುತ್ತದೆ, ಅಂದರೆ ಅರ್ಧ ಹೆಜ್ಜೆ ಹಿಂದೆ. ದೂರದ ತುಕಡಿಗಳ ಹೆಜ್ಜೆ ತಪ್ಪಿದಂತೆ ಕಾಣುವುದು ಇದರಿಂದಲೇ. ಅವರ ಕಾಲು ನೋಡಿ ನೀನು ತಾಳ ಬದಲಿಸಲು ಹೋದರೆ ಇಡೀ ಬ್ಯಾಂಡ್ ಎಳೆದಾಡುತ್ತದೆ. ಬ್ಯಾಂಡಿನ ಮುಂದೆ ನಡೆಯುತ್ತಾ ಸನ್ನೆ ಕೊಡುವ ಡ್ರಮ್ ಮೇಜರ್ ಕೈಯಲ್ಲಿರುವ ದಂಡ ನೋಡುತ್ತಿರು. ಬೇಸ್ ಡ್ರಮ್ಮಿನಲ್ಲಿ ಜೋಡಿ ಪೆಟ್ಟು ಬಿದ್ದರೆ ಟ್ಯೂನ್ ಮುಗಿಯುತ್ತಿದೆ ಅಂತ ತಿಳಿ. ಎಲ್ಲರ ಹೆಜ್ಜೆ ಒಂದಾಗಿ ಕೂಡಿದ ದಿನ ಎಷ್ಟು ಖುಷಿ ಆಗುತ್ತದೆ ಅಂದರೆ, ಬೆಳಿಗ್ಗೆ ಏಳುವ ಕಷ್ಟ ಯಾವ ಲೆಕ್ಕವೂ ಅಲ್ಲ.

ಒಂದು ವರ್ಷ ಇದ್ದು ಬಿಟ್ಟವರು, ಬಿ.ಎಸ್ಸಿ.: ಮೇಲಿನ ಅಣ್ಣ ಹಾಜರಿ ವಿಷಯ ಬಿಟ್ಟರು. ನನಗೆ ಬ್ಯಾಂಡ್ ಇವತ್ತಿಗೂ ಇಷ್ಟ. ಆದರೆ ಲ್ಯಾಬ್ ಮತ್ತು ರಿಹರ್ಸಲ್ ಒಂದೇ ಹೊತ್ತಿಗೆ ಬರುತ್ತಿದ್ದವು, 75 ಪರ್ಸೆಂಟ್ ಹಾಜರಿ ತುಂಬಿಸುವುದು ಕಷ್ಟವಾಯಿತು. ಆಗಸ್ಟ್ 15, ನವೆಂಬರ್ 1, ಜನವರಿ 26 ಹತ್ತಿರ ಬಂದಾಗ ಪ್ರಾಕ್ಟೀಸ್ ಕ್ಲಾಸಿನ ಹೊತ್ತಿಗೂ ನುಗ್ಗುತ್ತದೆ. ಆ ದಿನಗಳಿಗೆ ಓ.ಡಿ. (ಆನ್ ಡ್ಯೂಟಿ, ಅಂದರೆ ಕ್ಲಾಸಿಗೆ ಬರದಿದ್ದರೂ ಹಾಜರಿ) ಕೊಡುತ್ತೀರಾ ಅಂತ ಸೇರುವ ಮೊದಲೇ ಕೇಳಿ. ಬಾಯಿ ಮಾತು ಸಾಲದು. ಪ್ರಿನ್ಸಿಪಾಲರ ಸಹಿ ಇರುವ ಪಟ್ಟಿಯಲ್ಲಿ ನಿಮ್ಮ ಹೆಸರು ಇರಬೇಕು, ಅದರ ಫೋಟೋ ನಿಮ್ಮ ಫೋನಿನಲ್ಲಿ ಇರಬೇಕು. ಬಿ.ಕಾಂ.ಗೆ ಲ್ಯಾಬ್ ಕಾಟ ಇಲ್ಲ, ನಿಮಗೆ ಸುಲಭವಾಗಬಹುದು.

ಟ್ರಂಪೆಟ್ ನುಡಿಸುತ್ತಿದ್ದವರು, ಚಿತ್ರದುರ್ಗ: ನಾನು ಪೊಲೀಸ್ ಕವಾಯತು ಮೈದಾನದಲ್ಲಿ ನುಡಿಸಿದವಳು. ಟ್ರಂಪೆಟ್ ಮೊದಮೊದಲು ಅಳಿಸುತ್ತದೆ. ತುಟಿ ನೋಯುತ್ತದೆ, ಸ್ವರ ಬರುವುದಿಲ್ಲ. ಜೋರಾಗಿ ಒತ್ತಿ ಊದಬೇಡಿ, ಕೆನ್ನೆ ಉಬ್ಬಿಸಬೇಡಿ. ಊದಿದಷ್ಟೇ ಹೊತ್ತು ತುಟಿಗೆ ವಿಶ್ರಾಂತಿ ಕೊಡಿ. ಒಂದೇ ಸ್ವರವನ್ನು ಉದ್ದಕ್ಕೆ, ಅಲುಗದಂತೆ ಹಿಡಿಯುವುದನ್ನು ದಿನಾ ಮಾಡಿ. ತಿಂಡಿ ತಿಂದ ಮೇಲೆ ಬಾಯಿ ಮುಕ್ಕಳಿಸದೆ ಊದಲೇಬಾರದು. ಕಾಲೇಜಿನ ವಾದ್ಯವನ್ನು ಹತ್ತು ಜನ ಬಳಸಿರುತ್ತಾರೆ, ಆದ್ದರಿಂದ ತುಟಿ ಇಟ್ಟು ಊದುವ ಮೌತ್‌ಪೀಸ್ ಒಂದನ್ನಾದರೂ ಸ್ವಂತಕ್ಕೆ ಕೊಳ್ಳಿ. ಜನವರಿ ಚಳಿಯಲ್ಲಿ ಹಿತ್ತಾಳೆ ತಣ್ಣಗಾಗಿ ಶ್ರುತಿ ಇಳಿಯುತ್ತದೆ. ಸ್ವರ ಹೊರಡಿಸದೆ ಸುಮ್ನೆ ಉಸಿರು ಬಿಟ್ಟು ಕೊಳವೆಯನ್ನು ಬೆಚ್ಚಗೆ ಮಾಡಿಕೊಂಡೇ ಶುರು ಮಾಡಿ.

ಬ್ಯಾಂಡಿನಲ್ಲಿರುವ ಹುಡುಗಿಯ ತಾಯಿ, ದಾವಣಗೆರೆ: ನೋಡಮ್ಮ, ಮನೆಯವರ ಭಯ ಬರೀ ಓದಿನದ್ದು ಇರಲಾರದು. ಮೈದಾನದಲ್ಲಿ ಹುಡುಗಿಯರಿಗೆ ಶೌಚಾಲಯ ಇದೆಯಾ, ಜೊತೆಗೆ ಮೇಡಂ ಯಾರಾದರೂ ಬರುತ್ತಾರಾ, ಮುಟ್ಟಿನ ದಿನ ಕೂತುಕೊಳ್ಳಲು ಬಿಡುತ್ತಾರಾ ಅಂತ ನಾನು ಮೊದಲೇ ಹೋಗಿ ಕೇಳಿದೆ. ನಿಮ್ಮ ಅಮ್ಮನನ್ನೂ ಒಂದು ದಿನ ಪ್ರಾಕ್ಟೀಸಿಗೆ ಕರೆದುಕೊಂಡು ಹೋಗು. ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ, ಆದರೆ ಅಷ್ಟು ಬೆಳಿಗ್ಗೆ ಹರಿಹರದಿಂದ ಯಾವ ಬಸ್ ಸಿಗುತ್ತದೆ ಅಂತ ನೋಡಿಕೋ. ಖಾಲಿ ಹೊಟ್ಟೆಯಲ್ಲಿ ಹೋಗಬೇಡ. ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಸಾಕು. ಕವಾಯತಿನ ‘ಸಾವಧಾನ್’ ಭಂಗಿಯಲ್ಲಿ ಅಲುಗದೆ ತುಂಬಾ ಹೊತ್ತು ನಿಂತಾಗ ಮಂಡಿ ಬಿಗಿಹಿಡಿದರೆ ರಕ್ತ ಕಾಲಲ್ಲೇ ನಿಂತು ತಲೆ ಸುತ್ತುತ್ತದೆ. ಶೂ ಒಳಗೆ ಬೆರಳು ಆಡಿಸುತ್ತಿರು.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ, ಸೋಮವಾರ ಬರುತ್ತೇನೆ ಅಂದಿದ್ದಾರೆ. ಅಕ್ಕ, ನನಗೆ ಟ್ರಂಪೆಟ್ ಆಸೆ, ಆದರೆ ಹಲ್ಲಿಗೆ ಕ್ಲಿಪ್ ಹಾಕಿದ್ದಾರೆ. ಆಗುತ್ತದಾ?

ಟ್ರಂಪೆಟ್ ನುಡಿಸುತ್ತಿದ್ದವರು, ಚಿತ್ರದುರ್ಗ: ಆಗದೇ ಇಲ್ಲ, ಆದರೆ ತುಟಿಯ ಒಳಗಡೆ ಕ್ಲಿಪ್ ಒತ್ತಿ ಗಾಯವಾಗುತ್ತದೆ. ಹಲ್ಲಿನ ಡಾಕ್ಟರ್ ಹತ್ತಿರ ಮೇಣ ಸಿಗುತ್ತದೆ, ಅದನ್ನು ಕ್ಲಿಪ್ ಮೇಲೆ ಹಚ್ಚಿಕೊಂಡು ಊದುವವರು ಇದ್ದಾರೆ. ನನ್ನನ್ನು ಕೇಳಿದರೆ ಕ್ಲಿಪ್ ತೆಗೆಯುವವರೆಗೆ ಡ್ರಮ್ ಹಿಡಿಯಿರಿ. ತಾಳ ಗಟ್ಟಿಯಾಗಿರುತ್ತದೆ, ಆಮೇಲೆ ಟ್ರಂಪೆಟ್ ಕೇಳಬಹುದು. ಬ್ಯಾಂಡಿನಲ್ಲಿ ಯೂಫೋನಿಯಂ (ಟ್ರಂಪೆಟ್‌ಗಿಂತ ದೊಡ್ಡ ಹಿತ್ತಾಳೆ ವಾದ್ಯ) ಇದ್ದರೆ ಅದನ್ನೂ ಒಮ್ಮೆ ಊದಿ ನೋಡಿ, ಅದರ ಮೌತ್‌ಪೀಸ್ ಅಗಲ, ತುಟಿಯ ಮೇಲೆ ಒತ್ತಡ ಕಡಿಮೆ.