ಆಗಸ್ಟ್ 3 ಬಂದರೆ ಸಾಕು, ಮಾಡೆಲ್ ನಿಂತುಬಿಡುತ್ತದೆ. ಯಾರಾದರೂ ನೋಡಿ ಹೇಳಿ

ಕೃಷ್ಣಾದಂಡೆ (ಪುಣೆ), ಸೋಮವಾರ ರಾತ್ರಿ 11:40

ಘಟ್ಟದ ಮಳೆಯನ್ನು ಸೂಪರ್‌ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಮಾಡೆಲ್ ಓಡಿಸುತ್ತಿದ್ದೇನೆ, 2019ರ ಜೂನ್ 1ರಿಂದ ಮೂರು ತಿಂಗಳದ್ದು. ಮೂರನೇ ಸಲ ಇದು. ಮತ್ತೆ ಅದೇ ದಿನ, ಅದೇ ಹೊತ್ತಿಗೆ ಬಿದ್ದುಹೋಯಿತು. 32 ಗಂಟೆ ಚೆನ್ನಾಗಿ ಓಡುತ್ತದೆ. ಮಾಡೆಲ್ ಒಳಗೆ 2019ರ ಆಗಸ್ಟ್ 3 ಬಂತು ಅಂದರೆ ನಿಂತೇ ಹೋಗುತ್ತದೆ. ಕಡೆಗೆ ಬರುವುದು ಒಂದೇ ಸಾಲು: ಸೆಗ್ಮೆಂಟೇಶನ್ ಫಾಲ್ಟ್, ಅಂದರೆ ಪ್ರೋಗ್ರಾಂ ಮುಟ್ಟಬಾರದ ಮೆಮರಿ ಮುಟ್ಟಿ ನಿಂತಿದೆ. ಲಾಗ್ ಫೈಲ್ ಪೂರ್ತಿ ಓದಿದೆ, ಒಂದು ತಪ್ಪೂ ಕಾಣಲಿಲ್ಲ.

ಎಲ್ಲ ಸರಿಯಾಗಿಯೇ ಹಾಕಿದ್ದೇನೆ. ಇದೇ ಸೆಟಪ್‌ನಲ್ಲಿ 2018ರ ಮಳೆಗಾಲ ಪೂರ್ತಿ ಓಡಿತ್ತು. ಒಂದು ಸಲ ಬಿದ್ದರೆ ಕ್ಯೂನಲ್ಲಿ ಮತ್ತೆ ನಾಲ್ಕು ದಿನ ಕಾಯಬೇಕು. ಶುಕ್ರವಾರ ಗೈಡ್‌ಗೆ ತೋರಿಸಬೇಕು. ತಲೆ ಕೆಟ್ಟುಹೋಗಿದೆ. ದಯವಿಟ್ಟು ಏನಾದರೂ ಹೇಳಿ.

ಕೋಥ್ರೂಡ್‌ಕೋರ್, ಮಂಗಳವಾರ ಬೆಳಿಗ್ಗೆ 6:15

ಸ್ಟ್ಯಾಕ್ ಲಿಮಿಟ್, ಪ್ರೋಗ್ರಾಂಗೆ ಸಿಗುವ ತಾತ್ಕಾಲಿಕ ಮೆಮರಿಯ ಮಿತಿ. ಯೋಚನೆಯೇ ಬೇಡ. ನೀವು ಓಡಿಸುವ ಮಾಡೆಲ್ ಡಬ್ಲ್ಯೂಆರ್‌ಎಫ್ ತಾನೇ? ಸೆಗ್ಮೆಂಟೇಶನ್ ಫಾಲ್ಟ್ ಅಂದರೆ ಹತ್ತಕ್ಕೆ ಒಂಬತ್ತು ಸಲ ಅದೇ. ಆ ಮಿತಿ ಇಡುವ ಯುಲಿಮಿಟ್ ಕಮಾಂಡ್ ಅನ್‌ಲಿಮಿಟೆಡ್ ಮಾಡಿ ಮತ್ತೆ ಓಡಿಸಿ.

ಕೃಷ್ಣಾದಂಡೆ, ಬೆಳಿಗ್ಗೆ 8:02

ಹೌದು ಸರ್, ಡಬ್ಲ್ಯೂಆರ್‌ಎಫ್. ಯುಲಿಮಿಟ್ ಮೊದಲೇ ಹಾಕಿದ್ದೇನೆ.

ಕೋಥ್ರೂಡ್‌ಕೋರ್, ಬೆಳಿಗ್ಗೆ 8:10

ಎಲ್ಲಿ ಹಾಕಿದ್ದೀರಿ? ಲಾಗಿನ್ ನೋಡ್‌ನಲ್ಲಿ, ಅಂದರೆ ನಾವು ಒಳಹೋಗುವ ಯಂತ್ರದಲ್ಲಿ, ಹಾಕಿದರೆ ಪ್ರಯೋಜನ ಇಲ್ಲ. ಲೆಕ್ಕ ನಡೆಯುವುದು ಬೇರೆ ನೋಡ್‌ಗಳಲ್ಲಿ. ಕ್ಯೂಗೆ ಕೊಡುವ ಜಾಬ್ ಸ್ಕ್ರಿಪ್ಟ್ ಒಳಗೇ ಹಾಕಬೇಕು. ನನಗೆ ಇದೇ ಆಗಿತ್ತು, ಎರಡು ವಾರ ಹಾಳಾಯಿತು.

ಮಳೆಮಾಪಕ, ಬೆಳಿಗ್ಗೆ 9:30

ಸ್ಟ್ಯಾಕ್ ಸಾಲದಿದ್ದರೆ ಸಾಮಾನ್ಯವಾಗಿ ಶುರುವಿನಲ್ಲೇ ಬೀಳುತ್ತದೆ. 32 ಗಂಟೆ ಓಡಿದ ಮೇಲೆ ಬೀಳುವುದು ಅಪರೂಪ. ಮೂರು ಸಲವೂ ಮಾಡೆಲ್‌ನ ಒಂದೇ ಗಂಟೆಗೆ ನಿಂತಿದೆ ಅಂದರೆ ಯಂತ್ರದ ಮೇಲೆ ನನಗೆ ಅನುಮಾನ ಇಲ್ಲ. ಕೆಟ್ಟ ಮೆಮರಿ, ಕೆಟ್ಟ ನೋಡ್ ಆಗಿದ್ದರೆ ಒಂದೊಂದು ಸಲ ಒಂದೊಂದು ಕಡೆ ಬೀಳುತ್ತಿತ್ತು.

ಗ್ರಿಡ್ (ನಕಾಶೆಯ ಒಂದೊಂದು ಚೌಕ) ಎಷ್ಟು ಕಿ.ಮೀ.? ಟೈಮ್ ಸ್ಟೆಪ್ (ಲೆಕ್ಕದ ಒಂದೊಂದು ಹೆಜ್ಜೆ) ಎಷ್ಟು ಸೆಕೆಂಡ್? ಎಷ್ಟು ಕೋರ್ (ಪ್ರೊಸೆಸರ್)? ಇದನ್ನು ಮೊದಲು ಹೇಳಿ.

ಕೋಥ್ರೂಡ್‌ಕೋರ್, ಬೆಳಿಗ್ಗೆ 9:41

ಮೇಡಂ, ಕೆಲಸವನ್ನು ಥ್ರೆಡ್ ಅನ್ನುವ ತುಂಡುಗಳಾಗಿ ಹಂಚುವ ಓಪನ್ ಎಂಪಿ ಜೊತೆ ಕಂಪೈಲ್ ಮಾಡಿದ್ದರೆ ಪ್ರತಿ ಥ್ರೆಡ್‌ಗೂ ಬೇರೆ ಸ್ಟ್ಯಾಕ್ ಇರುತ್ತದೆ. ಅದು ಮಧ್ಯದಲ್ಲೂ ತುಂಬಬಹುದು. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ನನ್ನ ಮನೆಯಲ್ಲಿ ಎರಡು ಹಳೆ ಸರ್ವರ್ ಇವೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೊಂಡು, ಬಸ್ಸಿನಲ್ಲಿ ತಂದದ್ದು. ಒಟ್ಟು 64 ಕೋರ್. 9 ಕಿ.ಮೀ. ಗ್ರಿಡ್ ಆರಾಮಾಗಿ ಓಡುತ್ತದೆ. ಮೇ ತಿಂಗಳಲ್ಲಿ ಮಾತ್ರ ರಾತ್ರಿ ಹತ್ತರ ಮೇಲೆ ಹಚ್ಚುತ್ತೇನೆ, ಹಗಲು ಆ ಕೋಣೆಯಲ್ಲಿ ನಿಲ್ಲಲು ಆಗುವುದಿಲ್ಲ. ಬೇಕಾದರೆ ಫೋಟೋ ಹಾಕುತ್ತೇನೆ.

ಹಳೇಫೋರ್ಟ್ರಾನ್, ಬೆಳಿಗ್ಗೆ 10:20

ಹಾಕಿ, ನೋಡೋಣ. ಮನೆಯಲ್ಲಿ 64 ಕೋರ್ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ 1986ರಲ್ಲಿ ಫ್ಲೊಸಾಲ್ವರ್ ಕಂಪ್ಯೂಟರ್ ಕಟ್ಟಿದ್ದು ಕೆಲವೇ ಪ್ರೊಸೆಸರ್ ಸೇರಿಸಿ. ಇಲ್ಲಿ ಪುಣೆಯಲ್ಲಿ ಸಿ-ಡ್ಯಾಕ್‌ನವರ ಪರಮ್ 8000 ಬಂದದ್ದು 1991ರಲ್ಲಿ. ಈಗ ಪಾಷಾಣ್‌ನ ಹವಾಮಾನ ಸಂಸ್ಥೆ ಐಐಟಿಎಂನಲ್ಲಿ ಇರುವ ಅರ್ಕ 11.77 ಪೆಟಾಫ್ಲಾಪ್. ಒಂದು ಪೆಟಾಫ್ಲಾಪ್ ಅಂದರೆ ಸೆಕೆಂಡಿಗೆ ಒಂದರ ಮುಂದೆ 15 ಸೊನ್ನೆ ಹಾಕಿದಷ್ಟು ಲೆಕ್ಕ. ನಮ್ಮವರು ಇಷ್ಟು ದೂರ ಬಂದರಲ್ಲ ಅಂತ ಹೆಮ್ಮೆ ಆಗುತ್ತದೆ.

ನೀಲಿಕಡಲು (ಪಣಜಿ), ಬೆಳಿಗ್ಗೆ 11:05

ಒಂದು ಮಾತು ಕೇಳಲಾ? ಈ ಚರ್ಚೆಯನ್ನು ಹವಾಮಾನ ಮಾಡೆಲ್ ವಿಭಾಗದಲ್ಲಿ ಯಾಕೆ ಹಾಕಿದ್ದೀರಿ? ಡಬ್ಲ್ಯೂಆರ್‌ಎಫ್ ದಿನದ ಮುನ್ಸೂಚನೆಗೆ ಮಾಡಿದ್ದು. ಹವಾಮಾನ ಅಂದರೆ ಗಾಳಿ, ಸಮುದ್ರ, ಹಿಮ, ನೆಲ ಎಲ್ಲವೂ ಒಟ್ಟಿಗೆ ನಡೆಯಬೇಕು. ವಿಜ್ಞಾನಿಗಳಾದ ಮನಾಬೆ ಮತ್ತು ಬ್ರಯಾನ್ 1969ರಲ್ಲೇ ಗಾಳಿ ಮತ್ತು ಸಮುದ್ರವನ್ನು ಒಂದೇ ಮಾಡೆಲ್‌ಗೆ ಕಟ್ಟಿದರು. ನಮ್ಮ ಐಐಟಿಎಂನವರ ಮಾಡೆಲ್ ಐಐಟಿಎಂ-ಇಎಸ್ಎಂ ಹಾಗೆ ಕಟ್ಟಿದ್ದರಿಂದಲೇ, ಜಗತ್ತಿನ ಹವಾಮಾನ ಮಾಡೆಲ್‌ಗಳನ್ನು ಹೋಲಿಸುವ ಸಿಎಂಐಪಿ6ಕ್ಕೆ ಹೋಯಿತು.

ಮಳೆಮಾಪಕ, ಬೆಳಿಗ್ಗೆ 11:20

ಇಡೀ ಭೂಮಿಯ ಮಾಡೆಲ್‌ನಲ್ಲಿ ಸಾಮಾನ್ಯವಾಗಿ ಒಂದು ಚೌಕ ನೂರು ಕಿ.ಮೀ. ಆಸುಪಾಸು ಇರುತ್ತದೆ. ಅದರಲ್ಲಿ ಸಹ್ಯಾದ್ರಿ ಒಂದು ಸಣ್ಣ ಉಬ್ಬಿನ ಹಾಗೆ ಕಾಣುತ್ತದೆ. ಮಹಾಬಳೇಶ್ವರದ ಮಳೆ ಬೇಕು ಅಂದರೆ ಹೀಗೆ ಸಣ್ಣ ಗ್ರಿಡ್‌ಗೆ ಇಳಿಸಲೇಬೇಕು. ಇದೂ ಹವಾಮಾನದ ಕೆಲಸವೇ.

ನೀಲಿಕಡಲು, ಬೆಳಿಗ್ಗೆ 11:28

ಇಳಿಸಲಿ, ಬೇಡ ಅನ್ನಲಿಲ್ಲ. ಆದರೆ ಮೂರು ತಿಂಗಳು ಓಡಿಸುವಾಗ ಸಮುದ್ರ ಏನು ಮಾಡುತ್ತಿದೆ ಅಂತ ಯಾರೂ ಕೇಳಲಿಲ್ಲವಲ್ಲ. ಎಸ್ಎಸ್‌ಟಿ ಅಪ್‌ಡೇಟ್, ಅಂದರೆ ಸಮುದ್ರದ ಮೇಲ್ಮೈ ಬಿಸಿಯನ್ನು ಆಗಾಗ ಬದಲಿಸುವ ಆಯ್ಕೆ, ಹಾಕಿದ್ದೀರಾ? ಹಾಕದಿದ್ದರೆ ಶುರುವಿನ ದಿನ ನೀರು ಎಷ್ಟು ಬಿಸಿ ಇತ್ತೋ ಕಡೆವರೆಗೂ ಅಷ್ಟೇ ಇರುತ್ತದೆ. ಅರಬ್ಬಿ ಸಮುದ್ರ ಮೇ ತಿಂಗಳಲ್ಲಿ 30 ಡಿಗ್ರಿ ಸುತ್ತಮುತ್ತ ಇರುತ್ತದೆ. ಮಳೆಗಾಲದ ಗಾಳಿಗೆ ತಣ್ಣಗಾಗುತ್ತದೆ. ನಿಮ್ಮ ಮಾಡೆಲ್‌ನ ಸಮುದ್ರ ಆಗಸ್ಟ್‌ನಲ್ಲೂ ಜೂನ್ 1ರ ಬಿಸಿಯಲ್ಲೇ ಕೂತಿರುತ್ತದೆ. ಅಷ್ಟು ಆವಿ ಜಾಸ್ತಿ.

ಕೋಥ್ರೂಡ್‌ಕೋರ್, ಬೆಳಿಗ್ಗೆ 11:50

ಅದಕ್ಕೂ ಕ್ರ್ಯಾಶ್‌ಗೂ ಸಂಬಂಧ ಇಲ್ಲ. ಮೊದಲು ಸ್ಟ್ಯಾಕ್ ನೋಡಿ.

ಕೃಷ್ಣಾದಂಡೆ, ಮಧ್ಯಾಹ್ನ 1:15

ಎಲ್ಲರಿಗೂ ಧನ್ಯವಾದ. ಯುಲಿಮಿಟ್ ಜಾಬ್ ಸ್ಕ್ರಿಪ್ಟ್ ಒಳಗೇ ಇದೆ ಸರ್. ಕೋರ್‌ಗಳಿಗೆ ಕೆಲಸ ಹಂಚಲು ಬರೀ ಎಂಪಿಐ, ಓಪನ್ ಎಂಪಿ ಇಲ್ಲ.

ಮೇಡಂ, ಗ್ರಿಡ್ ಹೊರಗೆ 9 ಕಿ.ಮೀ., ಒಳಗೆ 3 ಕಿ.ಮೀ. ನೆಸ್ಟ್ (ಸಣ್ಣ ಚೌಕಗಳ ಒಳತುಂಡು). ಡೇಟಾ ಇಆರ್‌ಎ5, ಹಿಂದಿನ ಹವೆಯ ದಾಖಲೆ. 192 ಕೋರ್. ಜೂನ್ 1ರಿಂದ ಆಗಸ್ಟ್ 31. ಟೈಮ್ ಸ್ಟೆಪ್ 72 ಸೆಕೆಂಡ್. 2018ರದ್ದು 12 ಕಿ.ಮೀ., ನೆಸ್ಟ್ ಇರಲಿಲ್ಲ. ಉಳಿದದ್ದೆಲ್ಲ ಅದೇ.

ಎಸ್ಎಸ್‌ಟಿ ಅಪ್‌ಡೇಟ್ ಸೊನ್ನೆ ಇದೆ, ಅಂದರೆ ಹಾಕಿಲ್ಲ. ಅದು ಗೊತ್ತೇ ಇರಲಿಲ್ಲ.

ನಮ್ಮೂರು ಚಿಕ್ಕೋಡಿ ತಾಲೂಕು, ಕೃಷ್ಣೆಯ ದಂಡೆ. 2019ರ ಆಗಸ್ಟ್‌ನಲ್ಲಿ ಹೊಳೆ ಮನೆ ಒಳಗೆ ಬಂದಿತ್ತು. ನೀರು ಎಲ್ಲಿವರೆಗೆ ಏರಿತ್ತೋ ಅಲ್ಲಿ ಅಪ್ಪ ನಡುಮನೆ ಗೋಡೆಗೆ ಇದ್ದಿಲಿನಲ್ಲಿ ಗೀಟು ಎಳೆದಿದ್ದಾರೆ. ಸುಣ್ಣ ಹೊಡೆಸಿದರೂ ಆ ಗೀಟು ಬಿಟ್ಟು ಹೊಡೆಸುತ್ತಾರೆ. ನನ್ನ ಎದೆ ಮಟ್ಟಕ್ಕೆ ಬರುತ್ತದೆ. ಆ ನೀರು ನಮ್ಮೂರ ಮಳೆಯದ್ದಲ್ಲ. ಕೊಯ್ನಾ, ಪಂಚಗಂಗಾ ಕಡೆಯ ಘಟ್ಟದಲ್ಲಿ ಬಿದ್ದದ್ದು. ಅದನ್ನೇ 3 ಕಿ.ಮೀ.ನಲ್ಲಿ ಹಿಡಿಯಬೇಕು ಅಂತ ಹೊರಟಿದ್ದೇನೆ. ಆ ಮಳೆ ಜೋರಾಗುವ ಹೊತ್ತಿಗೇ ಮಾಡೆಲ್ ಬೀಳುತ್ತಿದೆ.

ಮಳೆಮಾಪಕ, ಮಧ್ಯಾಹ್ನ 1:32

ಸಿಕ್ಕಿತು ಅನಿಸುತ್ತದೆ. 2018ರದ್ದೂ ಇದೂ ಒಂದೇ ಸೆಟಪ್ ಅಲ್ಲ.

12 ಕಿ.ಮೀ.ಗೆ 72 ಸೆಕೆಂಡ್ ಸರಿ. ಗ್ರಿಡ್ ಎಷ್ಟು ಕಿ.ಮೀ. ಇದೆಯೋ ಅದರ ಆರು ಪಟ್ಟು ಸೆಕೆಂಡ್ ಅನ್ನುವುದು ರೂಢಿ. 9ಕ್ಕೆ ಅದು 54. ನೀವು ಹಳೆ ನೇಮ್‌ಲಿಸ್ಟ್ (ಸೆಟಪ್ ಫೈಲ್) ನಕಲು ಮಾಡಿ 72 ಹಾಗೇ ಬಿಟ್ಟಿದ್ದೀರಿ. ಮೂರರ ಅನುಪಾತದಲ್ಲಿ ನೆಸ್ಟ್‌ಗೆ 24 ಸೆಕೆಂಡ್ ಬರುತ್ತದೆ, ಬೇಕಾದದ್ದು 18.

ಒಂದು ಹೆಜ್ಜೆ ಇಡುವಷ್ಟರಲ್ಲಿ ಗಾಳಿ ತನ್ನ ಚೌಕ ದಾಟಿ ಆಚೆಗೆ ಹಾರಿಬಿಟ್ಟರೆ ಲೆಕ್ಕ ಹರಿದುಹೋಗುತ್ತದೆ. 1928ರಲ್ಲಿ ಗಣಿತಜ್ಞರಾದ ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಮೂವರೂ ಹೇಳಿದ್ದು ಇದನ್ನೇ, ಅವರ ಹೆಸರಿನಿಂದಲೇ ಸಿಎಫ್‌ಎಲ್ ಅನ್ನುತ್ತೇವೆ. ಜೂನ್, ಜುಲೈನಲ್ಲಿ ಹೇಗೋ ತಡೆದುಕೊಂಡಿದೆ. ಆಗಸ್ಟ್ 3ಕ್ಕೆ ಘಟ್ಟದ ಮೇಲೆ ಗಾಳಿ ಜೋರಾಗಿ ಮೇಲೇರಿದಾಗ ತಡೆಯಲಿಲ್ಲ.

ಲಾಗ್ ನೋಡಿದೆ ಅಂದಿರಿ. ಯಾವ ಫೈಲ್? 192 ಕೋರ್‌ಗೆ 192 ಫೈಲ್ ಇರುತ್ತವೆ. ಆರ್‌ಎಸ್‌ಎಲ್ ಎರರ್ 0000 ಅನ್ನುವ ಮೊದಲ ಫೈಲ್ ಒಂದನ್ನೇ ನೋಡಿದರೆ ಆಗದು. ಘಟ್ಟ ಯಾವ ಕೋರ್‌ನ ಪಾಲಿಗೆ ಬಂದಿದೆಯೋ ಆ ಫೈಲ್‌ನಲ್ಲಿ ಬರೆದಿರುತ್ತದೆ. ಎಲ್ಲದರಲ್ಲೂ ಸಿಎಫ್‌ಎಲ್ ಅಂತ ಹುಡುಕಿ.

ಕೃಷ್ಣಾದಂಡೆ, ಮಧ್ಯಾಹ್ನ 1:58

ಸಿಕ್ಕಿತು ಮೇಡಂ. 0087ರಲ್ಲಿ ಇದೆ. ಸಾಲು ಸಾಲು. ಮೊದಲು ಸಿಎಫ್‌ಎಲ್ ಮೀರಿದ 2 ಬಿಂದು, ಮುಂದಿನ ಹೆಜ್ಜೆಗೆ 9, ಆಮೇಲೆ 31. ಆಮೇಲೆ ಫೈಲ್ ಮುಗಿದಿದೆ. ಕಡೆಯ ಸಾಲಿನ ಹೊತ್ತು ಯುಟಿಸಿ 9:43:12, ಅಂದರೆ ನಮ್ಮ ಗಡಿಯಾರಕ್ಕೆ ಮಧ್ಯಾಹ್ನ 3:13. ಆ ಬಿಂದು ನಕಾಶೆಯಲ್ಲಿ ಹಾಕಿ ನೋಡಿದೆ, ಮಹಾಬಳೇಶ್ವರದ ಪಶ್ಚಿಮಕ್ಕೆ, ಕೊಂಕಣಕ್ಕೆ ಇಳಿಯುವ ಕಡಿದಾದ ಅಂಚು. ನಾನು ಮೂರು ವಾರ 0000 ಒಂದನ್ನೇ ಓದುತ್ತಿದ್ದೆ.

ಕೋಥ್ರೂಡ್‌ಕೋರ್, ಮಧ್ಯಾಹ್ನ 2:10

ಸರಿ, ಒಪ್ಪಿದೆ. ಹಾಗಾದರೆ ಡಬ್ಲ್ಯೂ ಡ್ಯಾಂಪಿಂಗ್ ಹಚ್ಚಿ, 72ರಲ್ಲೇ ಓಡುತ್ತದೆ. ಟೈಮ್ ಯಾಕೆ ಹಾಳು?

ಮಳೆಮಾಪಕ, ಮಧ್ಯಾಹ್ನ 2:16

ಬೇಡ. ಅದು ಮೇಲೇರುವ ಗಾಳಿಯನ್ನೇ ಹಿಡಿದು ಅದುಮುತ್ತದೆ. ದಿನಾ ಮುನ್ಸೂಚನೆ ಕೊಡುವವರಿಗೆ ರನ್ ನಿಲ್ಲಬಾರದು, ಅವರು ಹಾಕಲಿ. ಇವರಿಗೆ ಬೇಕಾಗಿರುವುದೇ ಆ ಗಾಳಿ ತಂದ ಮಳೆ. ಮೊದಲು 54. ಅದಕ್ಕೂ ಬಗ್ಗದಿದ್ದರೆ 45. ಆಮೇಲೆ ಬೇಕಾದರೆ ಬೆಟ್ಟದ ಅಂಚನ್ನು ಒಂಚೂರು ನಯ ಮಾಡಿ.

ಕೋಥ್ರೂಡ್‌ಕೋರ್, ಮಧ್ಯಾಹ್ನ 2:20

ಅಡಾಪ್ಟಿವ್ ಟೈಮ್ ಸ್ಟೆಪ್ ಹಾಕಬಹುದಲ್ವಾ? ಗಾಳಿ ಜೋರಾದಾಗ ಅದೇ ಹೆಜ್ಜೆ ಕಿರಿದು ಮಾಡಿಕೊಳ್ಳುತ್ತದೆ.

ಮಳೆಮಾಪಕ, ಮಧ್ಯಾಹ್ನ 2:24

ಹಾಕಬಹುದು, ಅದು ಒಳ್ಳೆಯ ಮಾತು. ನಾನು ವರ್ಷ ವರ್ಷ ಹೋಲಿಸುವ ಕೆಲಸಕ್ಕೆ ಒಂದೇ ಸ್ಟೆಪ್ ಇಡುತ್ತೇನೆ.

ಕೃಷ್ಣಾದಂಡೆ, ಮಧ್ಯಾಹ್ನ 2:40

ಒಂದು ತೊಂದರೆ ಇದೆ. ನಮ್ಮ ಕ್ಯೂನಲ್ಲಿ ಒಂದು ಜಾಬ್‌ಗೆ 48 ಗಂಟೆ ಮಾತ್ರ. 72 ಇಟ್ಟರೆ ಮೂರು ತಿಂಗಳು 46 ಗಂಟೆಯಲ್ಲಿ ಮುಗಿಯುತ್ತದೆ ಅಂತ ಲೆಕ್ಕ ಹಾಕಿದ್ದೆ. 54 ಅಂದರೆ 61 ಗಂಟೆ ಆಗುತ್ತದೆ.

ಹಳೇಫೋರ್ಟ್ರಾನ್, ಮಧ್ಯಾಹ್ನ 3:05

ಸೂಪರ್‌ಕಂಪ್ಯೂಟರ್ ಬೇಕಾಗುವುದೇ ಇದಕ್ಕೆ ಮಗಾ. ಅದೇ ಜಾಗವನ್ನು 9ರಿಂದ 3 ಕಿ.ಮೀ.ಗೆ ಇಳಿಸಿದರೆ ಚೌಕಗಳು 9 ಪಟ್ಟು. ಹೆಜ್ಜೆಯೂ ಮೂರನೇ ಒಂದು ಆಗಬೇಕು. ಒಟ್ಟು 27 ಪಟ್ಟು ಲೆಕ್ಕ. 2025ರ ಮೇನಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ 6 ಕಿ.ಮೀ. ಗ್ರಿಡ್‌ನದ್ದು, ಅದು ಓಡುವುದು ಅರ್ಕದ ಮೇಲೆ. ನಿನ್ನ 3 ಕಿ.ಮೀ. ಒಂದು ತುಂಡು ಜಾಗಕ್ಕೆ ಅಂತ ನಾಲ್ಕು ನೋಡ್‌ನಲ್ಲಿ ಹಿಡಿಸಿದೆ.

48 ಗಂಟೆಗೆ ಹೆದರಬೇಡ. ನಿಂತಲ್ಲಿಂದ ಮತ್ತೆ ಎಬ್ಬಿಸಲು ಬೇಕಾದ ರೀಸ್ಟಾರ್ಟ್ ಫೈಲ್ ದಿನಕ್ಕೊಂದು ಬರೆಯುತ್ತಿದೆಯಾ ನೋಡು. ಬರೆಯುತ್ತಿದ್ದರೆ ಎರಡು ಜಾಬ್ ಮಾಡಿ ಓಡಿಸು. ಈಗ ಜೂನ್ 1ರಿಂದ ಶುರು ಮಾಡಬೇಡ. ಆಗಸ್ಟ್ 2ರ ಫೈಲ್‌ನಿಂದ ಎಬ್ಬಿಸಿ, 54 ಹಾಕಿ, ಟೆಸ್ಟ್ ಕ್ಯೂನಲ್ಲಿ ಬಿಡು. ಒಂದು ಗಂಟೆ ಚಿಲ್ಲರೆಯಲ್ಲಿ ಗೊತ್ತಾಗುತ್ತದೆ.

ಕೃಷ್ಣಾದಂಡೆ, ಸಂಜೆ 6:48

ದಾಟಿತು!! ಯುಟಿಸಿ 9:43 ದಾಟಿತು. 0087ರಲ್ಲಿ ಸಿಎಫ್‌ಎಲ್ ಸಾಲು ಒಂದೂ ಇಲ್ಲ. ಪರದೆ ಮುಂದೆ ಒಬ್ಬನೇ ಕೂತು ಒಂದೊಂದೇ ಸಾಲು ನೋಡುತ್ತಿದ್ದೆ. ಆಗಸ್ಟ್ 3ರ ರಾತ್ರಿವರೆಗೂ ಓಡಿದೆ.

ನೀಲಿಕಡಲು, ಸಂಜೆ 7:10

ಖುಷಿಯಾಯಿತು. ಆದರೆ ಆಗಸ್ಟ್ 2ರ ಆ ಫೈಲ್‌ನ ಹಿಂದೆ ಎರಡು ತಿಂಗಳ ತಪ್ಪು ಸಮುದ್ರ ಇದೆ. ಇದನ್ನೇ ಗೈಡ್‌ಗೆ ಫಲಿತಾಂಶ ಅಂತ ತೋರಿಸಬೇಡಿ. ಎಸ್ಎಸ್‌ಟಿ ಅಪ್‌ಡೇಟ್ 1 ಮಾಡಿ, ಶುರುವಿನ ಫೈಲ್ ತಯಾರಿಸುವ ರಿಯಲ್ ಪ್ರೋಗ್ರಾಂ ಮತ್ತೆ ಓಡಿಸಿ. ಲೋ ಇನ್‌ಪುಟ್ ಅಂತ ಡೊಮೇನ್‌ಗೆ (9 ಕಿ.ಮೀ.ಗೆ, 3 ಕಿ.ಮೀ.ಗೆ) ಒಂದರಂತೆ ಹೊಸ ಫೈಲ್ ಬರುತ್ತದೆ. ಎರಡೂ ಬಂದಿವೆಯಾ ನೋಡಿಕೊಂಡೇ ಜಾಬ್ ಹಾಕಿ.

ಕೃಷ್ಣಾದಂಡೆ, ಬುಧವಾರ ಬೆಳಿಗ್ಗೆ 7:30

ಎರಡೂ ಫೈಲ್ ಬಂದಿವೆ. ಜೂನ್ 1ರಿಂದ ಹೊಸದಾಗಿ ಹಾಕಿದ್ದೇನೆ, 54 ಸೆಕೆಂಡ್, ಎರಡು ಜಾಬ್. ನನ್ನ ಮುಂದೆ ಹನ್ನೊಂದು ಜನ ಇದ್ದಾರೆ. ಶುಕ್ರವಾರಕ್ಕೆ ಮಳೆ ನಕಾಶೆ ಇರುವುದಿಲ್ಲ. 0087ರ ಆ ಮೂರು ಸಾಲು ಮತ್ತು ಸಮುದ್ರದ ವಿಷಯ, ಎರಡನ್ನೂ ಇದ್ದ ಹಾಗೆ ಗೈಡ್ ಮುಂದೆ ಇಡುತ್ತೇನೆ.

ಕೋಥ್ರೂಡ್ ಸರ್, ನಿಮ್ಮ ಸರ್ವರ್ ಫೋಟೋ ಇನ್ನೂ ಬಂದಿಲ್ಲ.