ಕ್ಯೂಬಾ ಬಿಕ್ಕಟ್ಟಲ್ಲಿ ಊ ಥಾಂಟ್ ನಿಜವಾಗಿ ಏನು ಮಾಡಿದರು?

ಕೆರೆ ಏರಿ, ಮೈಸೂರು:
ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಹತ್ತಿರ ವಾಕಿಂಗ್ ಮಾಡುವಾಗ ಗೆಳೆಯನ ಜೊತೆ ವಾದ ಆಯಿತು. 1962ರಲ್ಲಿ ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಕ್ಷಿಪಣಿ ಇಟ್ಟು, ಅಮೆರಿಕ ಅಲ್ಲಿಗೆ ಹೋಗುವ ಹಡಗುಗಳಿಗೆ ತಡೆ ಹಾಕಿದಾಗ ಯುದ್ಧ ತಪ್ಪಿಸಿದ್ದು ಅಮೆರಿಕದ ಅಧ್ಯಕ್ಷ ಕೆನಡಿ, ಸೋವಿಯತ್ ನಾಯಕ ಕ್ರುಶ್ಚೇವ್ ಇಬ್ಬರೇ, ವಿಶ್ವಸಂಸ್ಥೆಯವರು ಸುಮ್ನೆ ಕೂತಿದ್ದರು ಅಂತಾನೆ ಅವನು. ಕಲ್ಲು ಬೆಂಚಿನ ಮೇಲೆ ಕೂತು ಅರ್ಧ ಗಂಟೆ ಮಾತಾಡಿದರೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊತ್ತಿದ್ದವರು ಹೇಳಿ.

ಮಂಡ್ಯ ಮೇಷ್ಟ್ರು:
ಸುಮ್ನೆ ಕೂತಿರಲಿಲ್ಲ ಸಾರ್. ಥಾಂಟ್ ಬರ್ಮಾದವರು, ಮೊದಲು ಶಾಲೆ ಮೇಷ್ಟ್ರು, ಆಗಿನ್ನೂ ವಿಶ್ವಸಂಸ್ಥೆಯ ಹಂಗಾಮಿ ಮಹಾಕಾರ್ಯದರ್ಶಿ. ಅಕ್ಟೋಬರ್ 24ಕ್ಕೆ ಕೆನಡಿ, ಕ್ರುಶ್ಚೇವ್ ಇಬ್ಬರಿಗೂ ಒಂದೇ ಥರದ ಪತ್ರ ಕಳಿಸಿದರು: ಎರಡು ಮೂರು ವಾರ ಸೋವಿಯತ್‌ನವರು ಕ್ಯೂಬಾಗೆ ಆಯುಧ ಸಾಗಿಸುವುದು ಬೇಡ, ಅಮೆರಿಕದವರು ಹಡಗು ತಡೆಯುವುದು ಬೇಡ. ಮರುದಿನ ಮತ್ತೆ ಬರೆದು, ಸೋವಿಯತ್ ಹಡಗುಗಳು ತಡೆ ಹಾಕಿದ ಜಾಗದಿಂದ ದೂರ ಇರಲಿ, ಅಮೆರಿಕ ಮುಖಾಮುಖಿ ತಪ್ಪಿಸಲಿ ಅಂದರು, ಅದಕ್ಕೆ ಇಬ್ಬರೂ ಒಪ್ಪಿದರು. ಅಮೆರಿಕಕ್ಕೆ ಬಗ್ಗಿದೆ ಅನ್ನಿಸಿಕೊಳ್ಳದೆ ಹಿಂದೆ ಸರಿಯಲು ಕ್ರುಶ್ಚೇವ್‌ಗೆ ದಾರಿ ಸಿಕ್ಕಿತು, ನನಗೆ ಅದೇ ದೊಡ್ಡದು. ನಮ್ಮ ಕಡೆ ನಾಲೆ ನೀರಿಗೆ ಜಗಳ ಬಿದ್ದಾಗ ಹಿರಿಯರು ಇಬ್ಬರ ಮಾನವೂ ಉಳಿಯುವ ಹಾಗೇ ಮಾತು ತೆಗೆಯೋದು, ಅಲ್ವಾ?

ಗಂಗೋತ್ರಿ ಹುಡುಗಿ:
ಮೇಷ್ಟ್ರು ಹೇಳಿದ್ದು ಸರಿ. ಆದರೆ ನಿಮ್ಮ ಗೆಳೆಯರದ್ದೂ ಪೂರ್ತಿ ತಪ್ಪಲ್ಲ. 27ರ ರಾತ್ರಿ ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ದೊಬ್ರಿನಿನ್‌ರನ್ನು ಗುಟ್ಟಾಗಿ ಕಂಡು, ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳನ್ನು ತೆಗೆಯುವ ಮಾತು ಕೊಟ್ಟರು. ಮರುದಿನವೇ ಕ್ಯೂಬಾದ ಕ್ಷಿಪಣಿ ತೆಗೆಯಲು ಕ್ರುಶ್ಚೇವ್ ಒಪ್ಪಿದರು. ಆಮೇಲೂ ಥಾಂಟ್ ಬಿಡಲಿಲ್ಲ, 30ಕ್ಕೆ ಕ್ಯೂಬಾದ ರಾಜಧಾನಿ ಹವಾನಾಗೇ ಹೋದರು. ಕ್ಷಿಪಣಿ ತೆಗೆದದ್ದರ ತಪಾಸಣೆಗೆ ಕ್ಯೂಬಾದ ನಾಯಕ ಕ್ಯಾಸ್ಟ್ರೋ ಮಾತ್ರ ಒಪ್ಪಲಿಲ್ಲ.

ಕೆರೆ ಏರಿ, ಮೈಸೂರು:
ಆ ಎರಡನೇ ಪತ್ರದ ವಿಷಯ ಗೊತ್ತೇ ಇರಲಿಲ್ಲ. ನಾಳೆ ಅದೇ ಬೆಂಚಲ್ಲಿ ಅವನಿಗೆ ಓದಿ ಹೇಳುತ್ತೇನೆ.