ಅಪ್‌ಡೇಟ್: ಬಳ್ಳಾರಿಯಿಂದ ಹಡಗಿನ ಎಂಬಿಎ

ಬಿ.ಕಾಂ. ಆದಮೇಲೆ ಹಡಗು ವ್ಯಾಪಾರದ ಎಂಬಿಎ ಮಾಡಲೋ, ಕಡಲ ಕಾನೂನು ಓದಲೋ ಅಂತ ಕೇಳಿದ್ದೆನಲ್ಲ, ಭಾರತೀಯ ಕಡಲ ವಿಶ್ವವಿದ್ಯಾಲಯದಲ್ಲಿ ಬಂದರು ಮತ್ತು ಶಿಪ್ಪಿಂಗ್ ಮ್ಯಾನೇಜ್‌ಮೆಂಟ್ ಎಂಬಿಎಗೆ ಸೇರಿದೆ. ಕಡಲ ಕಾನೂನಿನ ಎಲ್‌ಎಲ್‌ಎಂಗೆ (ಕಾನೂನಿನ ಸ್ನಾತಕೋತ್ತರ ಪದವಿ) ಮೊದಲು ಎಲ್‌ಎಲ್‌ಬಿ ಬೇಕು, ಹಾಗಾಗಿ ಅದು ಅಲ್ಲಿಗೇ ಮುಗೀತು.

"ಬಳ್ಳಾರಿಗೆ ಸಮುದ್ರ ಎಲ್ಲೈತಪ್ಪಾ?" ಅಂದವರಿಗೆ ಒಂದು ಮಾತು. ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು (ಉಕ್ಕು ಮಾಡೋಕೆ ಬಳಸೋ ಕಲ್ಲಿದ್ದಲು) ಹಡಗಲ್ಲೇ ಬರಬೇಕು. 2010ರಲ್ಲಿ ರಾಜ್ಯ ಕಬ್ಬಿಣದ ಅದಿರು ರಫ್ತು ತಡೆದಾಗ ನಮ್ಮ ಲಾರಿಗಳು ನಿಂತದ್ದು ಮರೆತಿರಾ? ಸುಪ್ರೀಂ ಕೋರ್ಟ್ ಮತ್ತೆ ಬಿಟ್ಟದ್ದು 2022ರಲ್ಲಿ.

ನನಗೆ ಹಿಡಿಸಿದ್ದು ಬಾಡಿಗೆಯ ಅರ್ಥಶಾಸ್ತ್ರ. ಅದಿರು, ಕಲ್ಲಿದ್ದಲು ಸಾಗಿಸುವ ಹಡಗುಗಳ ಬಾಡಿಗೆ ಅಳೆಯುವ ಬಾಲ್ಟಿಕ್ ಡ್ರೈ ಸೂಚ್ಯಂಕ 2008ರ ಮೇ ತಿಂಗಳಲ್ಲಿ 11,000 ದಾಟಿತ್ತು, ಡಿಸೆಂಬರ್‌ಗೆ 700ರ ಕೆಳಗೆ. ಹಡಗು ಕಟ್ಟೋಕೆ ವರ್ಷಗಳು ಬೇಕು, ಸರಕು ಬೇಡವಾಗೋಕೆ ವಾರ ಸಾಕು. ಹೆಚ್ಚಾದ ಹಡಗನ್ನ ಗುಜರಿಗೆ ಹಾಕೋದೂ ನಿಧಾನ. ಲಾರಿ ಕಾಯಿಸಿದರೆ ಹಾಲ್ಟಿಂಗ್ ಚಾರ್ಜ್ ಕೇಳ್ತಾರಲ್ಲ, ಡೆಮರೇಜ್ ಅದರ ಅಣ್ಣ: ಒಪ್ಪಿದ ಸಮಯಕ್ಕಿಂತ ಹೆಚ್ಚು ಹಡಗು ಕಾಯಿಸಿದರೆ ಕೊಡೋ ಹಣ. ಜಗಳವೆಲ್ಲ ಆ ಸಮಯದ ಲೆಕ್ಕ ಯಾವಾಗ ಶುರು ಅನ್ನೋದರಲ್ಲಿ.

ಕಾನೂನೂ ಒಂದು ಪೇಪರ್ ಇದೆ. ಹಳೇ ನೋಟ್ಸ್ ಕೊಳ್ಳಬೇಡಿ: ಹಡಗಿಗೆ ಹಾಕಿದ ಸರಕಿನ ರಸೀದಿಗೆ ಸಂಬಂಧಿಸಿದ 1856ರ ಬಿಲ್ ಆಫ್ ಲೇಡಿಂಗ್ ಕಾಯ್ದೆ ಹೋಗಿ 2025ರದ್ದು ಬಂದಿದೆ.